ಕಡಲಲ್ಲಿ ಮೀನುಗಳಿವೆಯೇ

ಒಂಬತ್ತನೆಯ ಹಾಸಿಗೆ. ಲಿಯಾಂಡರ್ ಪಾರ್ಡಿ, ಎಪ್ಪತ್ತಾರು.
ಶ್ವಾಸಕೋಶದಲ್ಲಿ ಕೀವು, ಗಂಟಲಲ್ಲಿ ಕೊಳವೆ,
ನರದೊಳಕ್ಕೆ ಹಾಲಿನಂಥ ಬಿಳಿ ಔಷಧ;
ನೋಡುವವರಿಗೆ ಅದು ನಿದ್ದೆ.
ನಿದ್ದೆಯಲ್ಲ.

ಐದು ದಿನ ಹೀಗೆ ಮುಳುಗಿಸಿಟ್ಟಿದ್ದೇವೆ.
ಬಾಯಿಲ್ಲದವನ ನೋವನ್ನು ಮುಖದಲ್ಲಿ ಓದಬೇಕು:
ಮಗ್ಗುಲು ಬದಲಿಸುವಾಗ ಹುಬ್ಬು ಗಂಟಿಕ್ಕಿತೇ,
ಬೆರಳು ಮಡಿಚಿತೇ, ಯಂತ್ರದ ಉಸಿರಿನೊಡನೆ
ಅವನ ಉಸಿರು ಜಗಳಕ್ಕಿಳಿಯಿತೇ.
ಅಂಕ ಹಾಕುತ್ತೇನೆ. ಆರು.
ಮೊದಲು ನೋವಿಗೆ ಮದ್ದು, ಮಂಪರು ಆಮೇಲೆ.
ಈ ಕ್ರಮ ತಪ್ಪಿದರೆ, ಮಲಗಿದವನೊಳಗೆ
ನೋವು ಎಚ್ಚರವಾಗಿಯೇ ಇರುತ್ತದೆ,
ಮಗುಚಿಟ್ಟ ದೋಣಿಯ ಕೆಳಗೆ ಸಿಕ್ಕಿಬಿದ್ದ ನಾಯಿಯ ಹಾಗೆ.

ಆರನೆಯ ಬೆಳಿಗ್ಗೆ ಹಾಲನ್ನು ನಿಲ್ಲಿಸಿದರು.
ಮಧ್ಯಾಹ್ನಕ್ಕೆ ಕಣ್ಣು ಬಿಟ್ಟ. ಸಂಜೆಗೆ ಸನ್ನಿ.

ಕೈಗಳು ಮೊದಲು ಹೊರಟವು.
ಎಡಗೈ, ಬಲಗೈ, ಎಡಗೈ, ಬಲಗೈ,
ಹೊದಿಕೆಯ ಅಂಚಿನಿಂದ ಏನನ್ನೋ ಮೇಲೆಳೆಯುತ್ತ,
ಎಳೆದದ್ದನ್ನು ತೊಡೆಯ ಪಕ್ಕ ಸುರುಳಿ ಸುತ್ತುತ್ತ.
ನಡುವೆ ಸಿಕ್ಕಿದ್ದು ಮೂತ್ರದ ಕೊಳವೆಯೋ ಕತ್ತಿನ ಸೂಜಿಯೋ,
ಕೈಗಳಿಗೆ ಎಲ್ಲವೂ ಒಂದೇ.
ಕಟ್ಟಿಹಾಕಿ, ಎಂದು ಹೇಳಿ ಹೋದರು ಹಗಲು ಪಾಳಿಯವರು.

ಬೊನವಿಸ್ಟಾದಿಂದ ನಾಲ್ಕು ಗಂಟೆ ಮಂಜಿನಲ್ಲಿ
ಕಾರು ಓಡಿಸಿಕೊಂಡು ಬಂದ ಅಣ್ಣನ ಮಗಳು ಯೂಜೀನಿಯಾ
ಕೋಟು ಕೂಡ ಬಿಚ್ಚದೆ ನೋಡುತ್ತ ನಿಂತಳು.
ಹಗ್ಗ ಎಳೀತಿದ್ದಾನೆ, ಅಂದಳು.
ಗಾಳದ ಹಗ್ಗ. ಮೂವತ್ತು ಮಾರು ಆಳ.
ಇನ್ನೂ ಅರ್ಧ ಬಂದಿಲ್ಲ.

ರಾತ್ರಿಯ ಹಾಳೆಯಲ್ಲಿ ನಾಲ್ಕು ಪ್ರಶ್ನೆ.
ಕಲ್ಲು ನೀರಲ್ಲಿ ತೇಲುತ್ತದೆಯೇ?
ತಲೆ ಅಡ್ಡಡ್ಡ ಆಡಿತು. ಸರಿ.
ಕಡಲಲ್ಲಿ ಮೀನುಗಳಿವೆಯೇ?
ತಲೆ ಅಡ್ಡಡ್ಡ ಆಡಿತು.
ಕಿವಿಯ ಯಂತ್ರ ಸರಿಪಡಿಸಿ ಮತ್ತೆ ಕೇಳಿದೆ.
ಈ ಸಲ ಇನ್ನೂ ನಿಧಾನ, ಇನ್ನೂ ಖಚಿತ:
ಇಲ್ಲ.
ತಪ್ಪು, ಎಂದು ಬರೆದೆ.

ಪೆನ್ನು ಕೈಯಲ್ಲೇ ಉಳಿಯಿತು. ನಾನೂ ಈ ದಂಡೆಯವಳೇ.
ಕಾಡ್ ಮೀನು ಹಿಡಿಯಕೂಡದೆಂದು ಸರಕಾರ ಸಾರಿದ ಬೇಸಿಗೆ
ನನಗೆ ಒಂಬತ್ತು. ಅಪ್ಪ ರೇಡಿಯೊ ಆರಿಸಿದ,
ಬೂಟು ತೆಗೆಯದೆ ಕೂತ. ಮರುದಿನ ನಸುಕಿಗೇ ಎದ್ದು,
ಹೋಗಲು ಎಲ್ಲಿಯೂ ಇಲ್ಲದೆ,
ಜುಲೈ ತಿಂಗಳಲ್ಲಿ ಸೌದೆ ಸೀಳುತ್ತ ನಿಂತ.

ಗುರುತು ಅಳಿಸಲಿಲ್ಲ. ಸನ್ನಿ ಇದ್ದದ್ದು ನಿಜ:
ಚಾವಣಿಯ ತೂತುಗಳಲ್ಲಿ ಅವನು ಕಡಲಹಕ್ಕಿ ಕಾಣುತ್ತಿದ್ದ,
ನನ್ನ ಹಿಂದೆ ಯಾರೋ ನಿಂತಿದ್ದರು.
ಆದರೆ ಕೈ ಕಟ್ಟಲಿಲ್ಲ.
ಮೂಗಿನ ಮೇಲೆ ಅವನ ಕನ್ನಡಕ ಇಟ್ಟೆ.
ಇದು ಆಸ್ಪತ್ರೆ, ಲಿಯಾಂಡರ್. ಇವತ್ತು ಬುಧವಾರ.
ಬಂದರಿನ ಮೇಲೆ ಮಂಜು. ಬಿಲ್ ಕಟ್ಟುವ ಚಿಂತೆ ಬೇಡ.
ದೀಪ ತಗ್ಗಿಸಿ, ಸೂಜಿಗಳಿರುವ ಕಡೆ ಹೊದಿಕೆ ಬಿಗಿದು,
ಬ್ಯಾಂಡೇಜಿನ ಒಂದು ದಪ್ಪ ಸುರುಳಿ ಬಿಚ್ಚಿ
ತುದಿಯನ್ನು ಅವನ ಬೆರಳಿಗೆ ಕೊಟ್ಟು
ಇನ್ನೊಂದು ತುದಿ ಹಿಡಿದು ಕೂತೆ.

ಎಳೆದ. ಬಿಟ್ಟೆ. ಎಳೆದ.
ಎರಡು ಗಂಟೆಗೆ ಬಟ್ಟೆ ಮುಗಿಯಿತು.
ತುದಿಯಲ್ಲಿ ಏನೂ ಇಲ್ಲದ್ದನ್ನು ಬೆರಳಿಂದ ತಡವಿ ನೋಡಿದ,
ಒಂದು ಗಂಟು ಹಾಕಿದ, ನನಗೆ ಬಿಚ್ಚಲಾಗದ ಗಂಟು,
ಮಲಗಿದ. ಈ ಸಲ ನಿದ್ದೆ.

ಎರಡು ದಿನಕ್ಕೆ ಕೊಳವೆ ಬಿಡಿಸಿದರು. ದನಿ ಇನ್ನೂ ಬಂದಿರಲಿಲ್ಲ.
ಹಾಳೆಯ ಇನ್ನೊಂದು ಬದಿಯ ಪ್ರಶ್ನೆ ತೆಗೆದೆ.
ಎಲೆ ನೀರಲ್ಲಿ ತೇಲುತ್ತದೆಯೇ?
ಹೌದು.
ಕಡಲಲ್ಲಿ ಆನೆಗಳಿವೆಯೇ?
ಕನ್ನಡಕದೊಳಗಿಂದ ನನ್ನನ್ನೇ ನೋಡಿದ,
ಮಂಪರಿನ ಮದ್ದು ಬೇಕಾದದ್ದು ಯಾರಿಗೆ ಎಂಬಂತೆ.
ಆಮೇಲೆ ಪೆನ್ನಿಗೆ ಕೈ ಚಾಚಿ
ಅಂಕ ಹಾಕುವ ಮನೆಗಳನ್ನೆಲ್ಲ ದಾಟಿ,
ಸೊಟ್ಟಗೆ, ಬಹಳ ಹೊತ್ತು, ಬರೆದ:

ಇರಬಹುದು.
ನಾನು ಹೋಗಿ ಮೂವತ್ತು ವರ್ಷ ಆಯಿತು.